ಮುಂದೆ ಹೋದ ಗಂಟು

ನನ್ನ ತಾಯಿಯ ಬಗ್ಗೆ ನನಗಿರುವ ನೆನಪು ಒಂದೇ ಒಂದು. ಸಿರಾ ತಾಲ್ಲೂಕಿನ ಮದಲೂರು ಕೆರೆ ತುಂಬಿದೆ. ಆರು ವರ್ಷದ ನಾನು ಅಪ್ಪನ ತೊಡೆಗೆ ಒರಗಿ ಹರಿಗೋಲಿನಲ್ಲಿ ಕೂತಿದ್ದೇನೆ. ಏರಿಯ ಮೇಲೆ ನೀಲಿ ಸೀರೆ ಉಟ್ಟ ಅಮ್ಮ ನಿಂತಿದ್ದಾಳೆ. ಹರಿಗೋಲು ದೂರ ಸರಿದಂತೆ ಮೊದಲು ಅವಳ ಪಾದಗಳು ನೀರಿನ ಹಿಂದೆ ಮರೆಯಾಗುತ್ತವೆ, ಆಮೇಲೆ ಮೊಣಕಾಲು, ಆಮೇಲೆ ಸೊಂಟ. ಕೊನೆಗೆ ಎತ್ತಿದ ಒಂದು ಕೈ ಮಾತ್ರ ಉಳಿಯುತ್ತದೆ. ಅದೂ ಹೋಗುತ್ತದೆ. ಭಯವೇನೂ ಆಗುವುದಿಲ್ಲ. ಅವಳು ಮುಳುಗುತ್ತಿಲ್ಲ, ನನ್ನನ್ನು ಕಳಿಸಿಕೊಡುತ್ತಿದ್ದಾಳೆ, ಅಷ್ಟೆ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಅಳೆಯಲಾಗದ್ದನ್ನು ನಂಬಬೇಡಿ ಎಂದು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದ್ದೇನೆ. ದೇವರನ್ನು, ಜಾತಕವನ್ನು, ರಾಹುಕಾಲವನ್ನು ಪ್ರಶ್ನಿಸಿದ್ದೇನೆ. ಇದೊಂದು ಚಿತ್ರವನ್ನು ಮಾತ್ರ ಯಾವತ್ತೂ ಪ್ರಶ್ನೆ ಮಾಡಿರಲಿಲ್ಲ. ಹೋದ ವರ್ಷ ಅಕ್ಕನನ್ನು ಹಡಗು ಹತ್ತಿಸಲು ಹೋಗುವವರೆಗೂ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಹೊಳವನಹಳ್ಳಿಯ ಕಡೆಯ ಶಾಲೆಗಳಲ್ಲೇ ಪಾಠ ಮಾಡಿ, ಅಲ್ಲೇ ಮನೆ ಮಾಡಿಕೊಂಡು ಉಳಿದವಳು. ನಾನು ಮಧುಗಿರಿಯಲ್ಲಿ. ಒಂದು ದಿನ ಊಟ ಬಡಿಸುತ್ತಾ ಅಂದಳು: "ಭೂಮಿ ಗುಂಡಗೈತೆ ಅಂತ ಮೂವತ್ತು ವರ್ಷ ಹೇಳಿದೀನಿ. ದೂರದಿಂದ ಬರೋ ಹಡಗಿನ ಕಂಬ ಮೊದ್ಲು ಕಾಣ್ತದೆ, ಹೊಟ್ಟೆ ಆಮೇಲೆ ಕಾಣ್ತದೆ ಅಂತ ಬೋರ್ಡ್ ಮೇಲೆ ಚಿತ್ರ ಬರ್ದಿದೀನಿ. ಒಂದ್ಸಲನಾದ್ರೂ ಕಣ್ಣಾರೆ ನೋಡ್ಬ್ಯಾಡ್ವೇನ್ಲಾ? ನೋಡ್ದೆ ಹೇಳಿದ್ರೆ ನಾನೂ ಶಾಸ್ತ್ರ ಹೇಳೋನೂ ಒಂದೇ ಆದ್ವಲ್ಲ."

ಆ ಮಾತು ನನಗೆ ಚೆನ್ನಾಗಿ ತಾಕಿತು. ಚೆನ್ನೈನಿಂದ ಹೊರಟು ಶ್ರೀಲಂಕಾ ಮುಟ್ಟಿ ಬರುವ ಪ್ರವಾಸಿ ಹಡಗಿನಲ್ಲಿ ಇಬ್ಬರಿಗೂ ಜಾಗ ಕಾದಿರಿಸಿದೆ.

ಹಡಗು ಹತ್ತುವುದು ಬಸ್ಸು ಹತ್ತಿದಂತಲ್ಲ ಎಂದು ಆಮೇಲೆ ಗೊತ್ತಾಯಿತು. ಹಡಗಿನವರು ಕಳಿಸಿದ ಸೂಚನೆಗಳೇ ನಾಲ್ಕು ಪುಟ. ಸಂಜೆ ಐದಕ್ಕೆ ಹೊರಡುವ ಹಡಗಿಗೆ ಮಧ್ಯಾಹ್ನ ಮೂರಕ್ಕೇ ಬಾಗಿಲು ಹಾಕುತ್ತಾರೆ. ನಮ್ಮ ಸರದಿ ಹನ್ನೆರಡೂವರೆಯಿಂದ ಒಂದು. ಅದಕ್ಕಿಂತ ಮುಂಚೆ ಬಂದರೆ ಹೊರಗೆ ನಿಲ್ಲಬೇಕು, ತಡವಾದರೆ ಕೇಳುವವರಿಲ್ಲ. ಹಿಂದಿನ ದಿನವೇ ಚೆನ್ನೈ ಸೇರಿ ಉಳಿಯುವುದು ಒಳ್ಳೆಯದು. ದೊಡ್ಡ ಪೆಟ್ಟಿಗೆಗಳನ್ನು ಬಂದರಿನ ಬಾಗಿಲಲ್ಲೇ ಚೀಟಿ ಕಟ್ಟಿ ಒಪ್ಪಿಸಬೇಕು. ಅವು ಬೇರೆ ದಾರಿಯಲ್ಲಿ ಹಡಗು ಸೇರಿ ಸಂಜೆ ಹೊತ್ತಿಗೆ ನಮ್ಮ ಕೋಣೆಗೆ ಬರುತ್ತವೆ. ಪಾಸ್‌ಪೋರ್ಟು, ಮಾತ್ರೆ ಎಲ್ಲ ಕೈಚೀಲದಲ್ಲಿರಬೇಕು, ಯಾವ ಕಾರಣಕ್ಕೂ ಪೆಟ್ಟಿಗೆಯಲ್ಲಿ ಇಡಬಾರದು. ಈ ಕೊನೆಯ ಸಾಲಿನ ಕೆಳಗೆ ನಾನೇ ಎರಡು ಗೆರೆ ಎಳೆದಿದ್ದೆ.

ಇಷ್ಟನ್ನೂ ಸೇರಿಸಿ ಒಂದು ವೇಳಾಪಟ್ಟಿ ಬರೆದು ಅಕ್ಕನ ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಎಷ್ಟಕ್ಕೆ ಏಳಬೇಕು, ದಾರಿಯಲ್ಲಿ ಟೈರು ಪಂಕ್ಚರ್ ಆದರೆ ಎಷ್ಟು ಹೊತ್ತು ಹಿಡಿಯಬಹುದು, ಎಲ್ಲ. ಅಕ್ಕ ಕನ್ನಡಕ ಹಾಕಿಕೊಂಡು ಓದಿ, "ಕುಕ್ಕರ್ ಎಷ್ಟ್ ಸೀಟಿ ಹೊಡೀಬೇಕು ಅಂತ ಬರ್ದಿಲ್ವಲ್ಲೋ ಮೇಷ್ಟ್ರೇ," ಅಂದಳು.

ಆ ಸಂಜೆಯೇ ಅವಳ ಹತ್ತಿರ ಮದಲೂರು ಕೆರೆಯ ಮಾತು ತೆಗೆದೆ. ನೀರಿನ ಮೇಲೆ ಹೋಗುವ ಯೋಚನೆಯಿಂದಲೋ ಏನೋ, ಅಮ್ಮ ಮತ್ತೆ ಮತ್ತೆ ಬರುತ್ತಿದ್ದಳು. ಏರಿ, ನೀಲಿ ಸೀರೆ, ಎತ್ತಿದ ಕೈ ಎಲ್ಲವನ್ನೂ ಹೇಳಿದೆ. ಅಕ್ಕ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. "ಹೂಂ ಕಣ್ಲಾ," ಎಂದು ಎದ್ದುಹೋಗಿ ಒಲೆ ಆರಿಸಿದಳು. ಒಲೆ ಆಗಲೇ ಆರಿತ್ತು.

ವೇಳಾಪಟ್ಟಿಯಲ್ಲಿ ಅಕ್ಕ ಕಂಡ ತಪ್ಪು ಒಂದೇ. ಮನೆ ಬಿಡುವ ದಿನ ಮಂಗಳವಾರ ಬಂದಿತ್ತು.

"ಮಂಗ್ಳವಾರ ಹೊಸ್ಲು ದಾಟಾದು ಬ್ಯಾಡ. ಭಾನುವಾರ ಪರಸ್ಥಾನ ಇಟ್ಬುಡಾನ."

ನಮ್ಮ ಕಡೆ ಇದು ಹಳೆಯ ಪದ್ಧತಿ. ಹೊರಡಬೇಕಾದ ದಿನ ಚೆನ್ನಾಗಿಲ್ಲದಿದ್ದರೆ ಅದಕ್ಕೂ ಮುಂಚಿನ ಒಂದು ಒಳ್ಳೆಯ ದಿನ ನಮ್ಮದೊಂದು ಗಂಟನ್ನು, ಹೋಗಬೇಕಾದ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಇಟ್ಟುಬರುತ್ತಾರೆ. ಗಂಟು ಹೊರಟಿತೆಂದರೆ ನಾವೂ ಹೊರಟ ಹಾಗೆ. ಆಮೇಲೆ ಯಾವ ವಾರ ಹೊರಟರೂ ದೋಷವಿಲ್ಲ. ದಾರಿಯಲ್ಲಿ ಗಂಟನ್ನು ಎತ್ತಿಕೊಂಡರಾಯಿತು. ಆದರೆ ಸೇರಬೇಕಾದ ಕಡೆ ಸೇರುವವರೆಗೆ ಅದನ್ನು ಬಿಚ್ಚಬಾರದು.

"ಅಕ್ಕಾ, ನೀನು ವಿಜ್ಞಾನ ಹೇಳಿಕೊಟ್ಟೋಳು," ಅಂದೆ.

"ಅದು ಸ್ಕೂಲಲ್ಲಿ. ಇದು ಮನೆ," ಅಂದಳು. "ಸುಮ್ನೆ ನಿಂದೂ ಒಂದು ಸಾಮಾನು ಕೊಡು. ಅದಿಲ್ದೆ ಹೊರಡಾಕೆ ಆಗ್ಬಾರ್ದು, ಅಂಥದ್ದು ಕೊಡು."

"ಹಾಗಾದ್ರೆ ಪಾಸ್‌ಪೋರ್ಟೇ ಇಡ್ತೀನಿ. ಅದಿಲ್ದೆ ಖಂಡಿತ ಹೊರಡೋಕಾಗಲ್ಲ," ಎಂದು ತಮಾಷೆಗೆ ಇಬ್ಬರ ಪಾಸ್‌ಪೋರ್ಟನ್ನೂ ಅವಳು ಹಾಸಿದ್ದ ಬಟ್ಟೆಯ ಮೇಲೆ ಎಸೆದೆ.

ಮುಂದಿನದು ನನಗೆ ನೆನಪಿರುವುದು ಹೀಗೆ. ಬಟ್ಟೆಯ ಮೇಲೆ ಒಂದು ಪಂಚೆ, ಅಕ್ಕನ ಒಂದು ರವಿಕೆ, ಅರಿಸಿನದ ಕೊಂಬು, ಎರಡು ಅಡಿಕೆ, ಒಂದು ಹಿಡಿ ಅಕ್ಕಿ ಇದ್ದವು. ಅಕ್ಕ ಗಂಟು ಕಟ್ಟಲು ಬಟ್ಟೆಯ ತುದಿ ಎತ್ತಿದಾಗ ನಾನು ಪಾಸ್‌ಪೋರ್ಟುಗಳನ್ನು ತೆಗೆದುಕೊಂಡೆ. ಒಂದರ ರಟ್ಟಿಗೆ ಅಕ್ಕಿಕಾಳು ಅಂಟಿತ್ತು. ಅದನ್ನು ಉಗುರಿನಿಂದ ಕೊಡವಿ, ನನ್ನ ಕಪ್ಪು ಕೈಚೀಲದ ಒಳಜೇಬಿಗೆ ಹಾಕಿ ಜಿಪ್ ಎಳೆದೆ. ಜಿಪ್ಪಿನ ಆ ಸದ್ದು ಈಗಲೂ ಕಿವಿಯಲ್ಲಿದೆ.

ಗಂಟು ಊರಿನ ಮೂಡಲ ಕಡೆ ಹಿಟ್ಟಿನ ಗಿರಣಿಯವರ ಮನೆಗೆ ಹೋಯಿತು.

ಮಂಗಳವಾರ ಬೆಳಿಗ್ಗೆ ಕಾರು ಬಂತು. ಚಾಲಕ ಪಾವಗಡದವನು, ಗಡಿಯ ಕಡೆಯ ತೆಲುಗು ಬೆರೆತ ಮಾತು. ಗಿರಣಿಯ ಮುಂದೆ ನಿಲ್ಲಿಸಿದಾಗ ಆ ಮನೆಯಾಕೆ ಗಂಟನ್ನು ಎರಡೂ ಕೈಯಲ್ಲಿ ತಂದುಕೊಟ್ಟು, "ನಿಮ್ ಗಂಟು ಎರಡ್ ದಿನದಿಂದ ಮೂಲೇಲಿ ಕುಂತೈತೆ ಕಣಕ್ಕ. ಇಂಥ ನೆಂಟ್ರು ಬಂದ್ರೆ ಎಷ್ಟ್ ಸುಖ, ಒಂದ್ ಲೋಟ ಕಾಫೀನೂ ಕೇಳ್ನಿಲ್ಲ," ಅಂದಳು. ಅಕ್ಕ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಚೆನ್ನೈವರೆಗೂ ಕೆಳಗಿಡಲಿಲ್ಲ.

ದೊಡ್ಡಬಳ್ಳಾಪುರ ದಾಟಿದ ಮೇಲೆ ಚಾಲಕ ಕನ್ನಡಿಯಲ್ಲೇ ಅಕ್ಕನನ್ನು ನೋಡಿ ಕೇಳಿದ: "ಮೇಡಂ, ಆ ಹಡಗು ಸಮುದ್ರದ ಮಧ್ಯದಾಗೆ ನಿಂತೋದ್ರೆ ತಳ್ಳೋರು ಎವರು?"

"ನೀನೇ ಬಾಪ್ಪ, ಕರ್ಕಂಡೋಗ್ತೀನಿ, ತಳ್ಳುವಂತೆ."

"ವದ್ದಮ್ಮಾ! ನಮ್ದು ಪಾವಗಡ. ಎರಡ್ ಬಕೀಟ್ ನೀರು ಒಟ್ಟಿಗೆ ಕಂಡ್ರೇನೇ ನಮ್ಗೆ ಭಯಂ."

ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ನಗಲಿಲ್ಲ. ದಾರಿಯುದ್ದಕ್ಕೂ ನಾಲ್ಕೈದು ಸಲ ಕೈಚೀಲದ ಜೇಬನ್ನು ಹೊರಗಿನಿಂದಲೇ ಮುಟ್ಟಿ ನೋಡಿಕೊಂಡೆ. ಎರಡು ಪುಸ್ತಕದಷ್ಟು ದಪ್ಪ. ಇದೆ. ಪಟ್ಟಿಯಲ್ಲಿ ಗುರುತು ಹಾಕಿದೆ. ಕಣ್ಣು ಮುಚ್ಚಿದರೆ ಏರಿ, ಅಮ್ಮ. ತೆರೆದರೆ ಕೋಲಾರದ ಬಂಡೆಗಳು.

ಮರುದಿನ ಹೋಟೆಲಿನಿಂದ ಹೊರಡುವಾಗ ಅಕ್ಕ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು. ನನಗೆ ನಾಚಿಕೆಯಾಯಿತು. ಇದನ್ನು ಒಪ್ಪಿಕೊಳ್ಳಲೇಬೇಕು. "ಅಲ್ಲಿ ಎಲ್ಲ ನೋಡಿ ನಗ್ತಾರೆ ಅಕ್ಕ, ಪೆಟ್ಟಿಗೇಲಿ ಹಾಕು," ಅಂದೆ. ಅವಳು ಏನೋ ಹೇಳಲು ಬಾಯಿ ತೆರೆದು, ಹೇಳದೆ ಒಳಗೆ ಹೋದಳು.

ಹನ್ನೆರಡೂಮುಕ್ಕಾಲಿಗೆ ಬಂದರಿನಲ್ಲಿದ್ದೆವು. ನನ್ನ ಪಟ್ಟಿಗಿಂತ ಎರಡೇ ನಿಮಿಷ ಹೆಚ್ಚುಕಡಿಮೆ. ಬಾಗಿಲಲ್ಲಿ ಆಧಾರ್ ಕಾರ್ಡು, ಮುದ್ರಿಸಿಕೊಂಡ ಹಾಳೆ ನೋಡಿ ಬಿಟ್ಟರು. ಸಾಮಾನಿನವನೊಬ್ಬ ನಮ್ಮ ಎರಡು ಪೆಟ್ಟಿಗೆಗಳಿಗೂ ಕೋಣೆಯ ಸಂಖ್ಯೆಯ ಚೀಟಿ ಕಟ್ಟಿ ಎತ್ತರದ ಬಂಡಿಗೆ ಹಾಕಿದ. ನಾವು ಮಾತಾಡುವುದನ್ನು ಕೇಳಿ, "ಕರ್ನಾಟಕನಾ? ನಮ್ದು ಹೊಸೂರು," ಅಂದ. ಪೆಟ್ಟಿಗೆ ನಮಗಿಂತ ಮುಂಚೆ ಹಡಗು ಸೇರುತ್ತದೆ ಎಂದು ಅವನು ವಿವರಿಸಿದಾಗ ಅಕ್ಕನಿಗೆ ಎಲ್ಲಿಲ್ಲದ ಸಂತೋಷ.

"ನೋಡ್ಲಾ, ಇವ್ರೂ ಪರಸ್ಥಾನ ಇಡ್ತಾರೆ! ಗಂಟು ಮುಂದೆ, ಮನುಷ್ಯರು ಹಿಂದೆ."

ಒಳಗಿನ ತಪಾಸಣೆಯ ಮೇಜಿನ ಮುಂದೆ ನಿಂತು ಕೈಚೀಲದ ಜಿಪ್ ಎಳೆದೆ. ಒಳಜೇಬಿನಿಂದ ಬಂದದ್ದು ಮೂಲೆ ಕತ್ತರಿಸಿದ ನನ್ನ ಹಳೆಯ, ರದ್ದಾದ ಪಾಸ್‌ಪೋರ್ಟು, ಮತ್ತು ಒಂದು ಕಿಸೆ ಡೈರಿ. ದಾರಿಯುದ್ದಕ್ಕೂ ನನ್ನ ಬೆರಳು ಎಣಿಸಿದ್ದು ಇವೇ ಎರಡನ್ನು.

ಮೇಜಿನ ಹಿಂದಿದ್ದ ಹುಡುಗಿ ಗಟ್ಟಿ ಮಾತೇನೂ ಆಡಲಿಲ್ಲ. ಪಕ್ಕದಲ್ಲಿ ಕೂತು ನೀವೇ ನಿಧಾನವಾಗಿ ಹುಡುಕಿಕೊಳ್ಳಿ, ಮೂರರವರೆಗೆ ಸಮಯವಿದೆ, ಪಾಸ್‌ಪೋರ್ಟು ಇಲ್ಲದೆ ಮಾತ್ರ ಬಿಡಲಾಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಕೈಚೀಲವನ್ನು ಕುರ್ಚಿಯ ಮೇಲೆ ಸುರಿದೆ. ಮಾತ್ರೆಯ ಹಾಳೆಗಳು, ಕರವಸ್ತ್ರ, ವೇಳಾಪಟ್ಟಿಯ ಮೂರು ಪ್ರತಿ. ಹೋಟೆಲಿಗೆ ಫೋನು ಮಾಡಿ ಕೋಣೆ ಹುಡುಕಿಸಿದೆ. ಮಂಚದ ಕೆಳಗೆ, ಬಚ್ಚಲಲ್ಲಿ, ಎಲ್ಲೂ ಇಲ್ಲ ಅಂದರು. ಇನ್ನೊಂದು ಸಲ ನೋಡಿ ಅಂದೆ. ಕಾರಿನಲ್ಲಿ ಬಿದ್ದಿರಬಹುದೆಂದು ಚಾಲಕನಿಗೂ ಫೋನಿನಲ್ಲಿ ಹೇಳಿದೆ. ಅವನು ಸೀಟು ಎಬ್ಬಿಸಿ ನೋಡಿ, "ಏಮೀ ಇಲ್ಲ ಸಾರ್, ಒಂದು ಕೊಬ್ರಿ ಮಿಠಾಯಿ ಸಿಕ್ತು, ಅಷ್ಟೆ," ಅಂದ. ಎರಡು ಗಂಟೆ ದಾಟಿತು. ನಮ್ಮ ಜೊತೆ ಬಂದವರೆಲ್ಲ ಒಳಗೆ ಹೋಗಿ ಕುರ್ಚಿಗಳು ಖಾಲಿಯಾದವು. ಗಾಜಿನ ಆಚೆ ಹಡಗಿನ ಬಿಳಿಯ ಗೋಡೆ ಕಾಣುತ್ತಿತ್ತು. ಅಕ್ಕ ಅದನ್ನು ನೋಡುತ್ತಾ ಕೂತಿದ್ದಳು.

"ಗಂಟ್ನಲ್ಲೈತೆ," ಅಂದಳು. ಅದು ಮೂರನೆಯ ಸಲವೋ ನಾಲ್ಕನೆಯ ಸಲವೋ.

"ಇಲ್ಲ ಅಕ್ಕ. ನೀನು ಕಟ್ಟೋಕೆ ಮುಂಚೆ ನಾನೇ ತೆಗೆದೆ. ರಟ್ಟಿನ ಮೇಲೆ ಅಕ್ಕಿಕಾಳು ಅಂಟಿತ್ತು. ಉಗುರಲ್ಲಿ ಕೊಡವಿದ್ದು ನೆನಪಿದೆ ನಂಗೆ."

"ಯಾವ ಅಕ್ಕೀಲಾ?" ಅವಳು ಗಾಜಿನಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದಳು. "ಮನೇಲಿ ಅಕ್ಕಿಗೆ ಹುಳ ಬಿದ್ದಿತ್ತು. ಗಂಟಿಗೆ ನಾನು ಅಕ್ಕೀನೇ ಹಾಕ್ನಿಲ್ಲ. ಅರಿಸಿನದ ಕೊಂಬು, ಅಡಿಕೆ, ಅಷ್ಟೇಯ."

ನನ್ನ ಉಗುರಿನ ತುದಿಯಲ್ಲಿ ಆ ಕಾಳು ಇನ್ನೂ ಒತ್ತುತ್ತಿತ್ತು.

"ನಿಂಗೆ ಕಂಡಿದ್ದೆಲ್ಲಾ ನಡ್ದಿದ್ದೇ ಅನ್ಕಂತೀಯ," ಅಂದಳು. ದನಿ ಎತ್ತಿರಲಿಲ್ಲ. "ಏರಿ ಮ್ಯಾಲೆ ಅಮ್ಮ ನಿಂತಿದ್ಲು ಅಂದೆ. ನಾನು ಹೂಂ ಅಂದೆ, ಇರ್ಲಿ ಪಾಪ ಅಂತ. ಅವತ್ತಿಗೆ ಅಮ್ಮ ಹೋಗಿ ಮೂರು ತಿಂಗ್ಳಾಗಿತ್ತು ಕಣೋ. ನಿನ್ನ ಆಚೆ ದಡದಾಗಿದ್ದ ಅಜ್ಜಿ ಮನೇಲಿ ಬಿಡಾಕೆ ಅಪ್ಪ ಕರ್ಕಂಡೋದ್ರು. ಗಾಡಿ ದಾರಿ ಮುಳುಗಿತ್ತು, ಅದ್ಕೇ ಹರಿಗೋಲು. ಏರಿ ಮ್ಯಾಲೆ ನಿಂತಿದ್ದೋಳು ನಾನು. ಹರಿಗೋಲಲ್ಲಿ ಜಾಗ ಇಲ್ಲ ಅಂದ್ರು ಅಪ್ಪ. ಜಾಗ ಇತ್ತು. ಅವ್ರಿಗೆ ಮನೇಲಿ ಮುದ್ದೆ ತಿರುವಾಕೆ ಒಬ್ರು ಬೇಕಾಗಿತ್ತು."

ಮತ್ತೆ ಗಾಜಿನ ಕಡೆ ತಿರುಗಿ ಅಂದಳು: "ಇವತ್ತೂ ನನ್ನ ದಡದ ಮ್ಯಾಲೆ ನಿಲ್ಲಿಸ್ಬ್ಯಾಡ."

ಗೋಡೆಯ ಗಡಿಯಾರದಲ್ಲಿ ಎರಡೂ ಇಪ್ಪತ್ತೈದು. ಎದ್ದು ಹೋಗಿ ಆ ಹುಡುಗಿಗೆ ಪಾಸ್‌ಪೋರ್ಟು ಪೆಟ್ಟಿಗೆಯಲ್ಲಿದೆ ಎಂದು ಹೇಳಿದೆ. ಖಂಡಿತವಾಗಿಯೂ ಪೆಟ್ಟಿಗೆಯಲ್ಲೇ ಇದೆಯೇ ಎಂದು ಕೇಳಿದಳು. ಒಂದೂವರೆ ಗಂಟೆಯಿಂದ ಖಂಡಿತ ಎನ್ನುವ ಪದವನ್ನು ಎಷ್ಟು ಸಲ ಬಳಸಿದ್ದೆನೋ ಲೆಕ್ಕವಿಲ್ಲ. ಈ ಸಲ, "ನಮ್ಮಕ್ಕ ಹೇಳ್ತಿದ್ದಾಳೆ," ಎಂದಷ್ಟೇ ಹೇಳಿದೆ.

ಫೋನು ಹೋಯಿತು. ಐದು ನಿಮಿಷಕ್ಕೆ ಹೊಸೂರಿನವನು ಏದುಸಿರು ಬಿಡುತ್ತಾ ಬಂದ. ನಮ್ಮ ಬಂಡಿ ಇನ್ನೂ ಈ ಕಡೆಯೇ ಇದೆ, ಆದರೆ ಮೂಟೆಯಂತೆ ಒಟ್ಟಿದ್ದಾರೆ, ಎರಡನ್ನೂ ಹುಡುಕಿ ಎಳೆಯುವಷ್ಟು ಹೊತ್ತಿಲ್ಲ. "ಒಂದೇ ತೆಗಿಯಕ್ಕಾಗೋದು ಸಾರ್. ಯಾವುದರಲ್ಲಿದೆ? ನಿಮ್ದಾ, ಅಮ್ಮನ್ದಾ?"

ನನ್ನದರಲ್ಲಿ. ಅದು ನನಗೆ ಕಾಣಿಸುತ್ತಿತ್ತು. ಬೆಳಿಗ್ಗೆ ಹೋಟೆಲಿನಲ್ಲಿ ಅಕ್ಕ ನನ್ನ ಪೆಟ್ಟಿಗೆಯ ಮುಚ್ಚಳ ಎತ್ತಿ, ನನ್ನ ಬಿಳಿ ಅಂಗಿಗಳನ್ನು ಒಂದು ಕಡೆಗೆ ಸರಿಸಿ, ಗಂಟನ್ನು ಬಲಗಡೆಯ ಮೂಲೆಗೆ ತುರುಕಿದಳು. ಮೂಲೆ ಕೂಡ ಕಾಣುತ್ತಿತ್ತು. ಆ ಉತ್ತರ ನಾಲಿಗೆಯ ತುದಿಗೆ ಬಂದಿತ್ತು.

ಬಾಯಿ ಮುಚ್ಚಿಕೊಂಡೆ. ಹಿಂದಕ್ಕೆ ಒಂದು ಹೆಜ್ಜೆ ಇಟ್ಟು, "ಅವಳನ್ನ ಕೇಳಪ್ಪ," ಅಂದೆ.

"ನಂದ್ರಲ್ಲಿ," ಅಂದಳು ಅಕ್ಕ. "ಹಿಡಿಗೆ ಕೆಂಪು ಸೀರೆ ಅಂಚು ಕಟ್ಟೀನಿ ನೋಡಪ್ಪ. ಸೀರೆಗಳ ಕೆಳ್ಗೆ ಐತೆ."

ಅವನು ಓಡಿದ. ಜೀವನದಲ್ಲಿ ನಾನು ಕಾದ ಹೊತ್ತುಗಳಲ್ಲಿ ಅದರಷ್ಟು ಉದ್ದದ್ದು ಇನ್ನೊಂದಿಲ್ಲ. ಅಕ್ಕ ಕೈಕಟ್ಟಿ ನೆಟ್ಟಗೆ ನಿಂತಿದ್ದಳು, ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ನಿಲ್ಲುವಂತೆ. ಎರಡೂ ನಲವತ್ತೆಂಟಕ್ಕೆ ಕೆಂಪು ಅಂಚಿನ ಪೆಟ್ಟಿಗೆ ಬಂತು. ಅವಳೇ ಮೊಣಕಾಲೂರಿ ತೆರೆದಳು. ಸೀರೆಗಳ ಕೆಳಗಿನಿಂದ ಗಂಟು ತೆಗೆದು, ಒಂದು ಕ್ಷಣ ಹಿಂದೆಮುಂದೆ ನೋಡಿ, "ಊರು ಮುಟ್ಟೋಕೆ ಮುಂಚೆ ಬಿಚ್ಚಂಗಿಲ್ಲ. ಏನ್ ಮಾಡಾದು, ಬಿಚ್ತೀನಿ ಬುಡು," ಎಂದು ಬಿಚ್ಚಿದಳು. ಪಂಚೆ, ರವಿಕೆ, ಅರಿಸಿನದ ಕೊಂಬು, ಎರಡು ಅಡಿಕೆ. ಪಂಚೆಯ ಮಡಿಕೆಯೊಳಗೆ ಎರಡು ಪಾಸ್‌ಪೋರ್ಟುಗಳು. ಅಕ್ಕಿ ಒಂದು ಕಾಳೂ ಇರಲಿಲ್ಲ. ನಾನು ಬಟ್ಟೆಯ ಮೂಲೆಗಳನ್ನೆಲ್ಲ ಬೆರಳಿನಿಂದ ಸವರಿ ನೋಡಿದೆ. ಹೊಸೂರಿನವನು ನನ್ನನ್ನು ವಿಚಿತ್ರವಾಗಿ ನೋಡಿದ.

ಐದು ಗಂಟೆಗೆ ಹಡಗು ಕದಲಿದಾಗ ಇಬ್ಬರೂ ಮೇಲಿನ ಅಟ್ಟದ ಕಂಬಿ ಹಿಡಿದು ನಿಂತಿದ್ದೆವು. ದಡ ಕೆಳಗಿನಿಂದ ಮುಳುಗಲಿಲ್ಲ. ಮಂಜಿನಂಥ ಧೂಳಿನಲ್ಲಿ ಒಟ್ಟಿಗೆ ಮಸುಕಾಯಿತು. ಅಕ್ಕ ಮುಖ ಸಣ್ಣದು ಮಾಡಿಕೊಂಡಳು. ಆದರೆ ಸ್ವಲ್ಪ ಹೊತ್ತಿಗೆ ಸಮುದ್ರದ ಕಡೆಯ ಅಂಚಿನಲ್ಲಿ ಸರಕಿನ ಹಡಗೊಂದು ಕಂಡಿತು. ಕಂಬವಿತ್ತು, ಹೊಗೆಗೂಡಿತ್ತು, ಕೆಳಗಿನ ಒಡಲು ಇರಲಿಲ್ಲ. ಗೆರೆ ಎಳೆದು ಅಳಿಸಿದಂತೆ.

"ಹೊಟ್ಟೆ ಕಾಣ್ತಿಲ್ಲ! ನೋಡ್ಲಾ, ಹೊಟ್ಟೆ ಕಾಣ್ತಿಲ್ಲ!" ಅವಳು ನನ್ನ ತೋಳು ಹಿಡಿದು ಅಲುಗಾಡಿಸಿದಳು. ಪಕ್ಕದವರು ತಿರುಗಿ ನೋಡಿದರು. "ಮೂವತ್ತು ವರ್ಷ ಹೇಳಿದ್ದು ನಿಜಾನೇ ಕಣ್ಲಾ."

ನಾನೂ ನೋಡುತ್ತಿದ್ದೆ. ಕಾಲಿನಿಂದ ಮೇಲಕ್ಕೆ ಮರೆಯಾಗುವ ಆ ಕ್ರಮ ನನಗೆ ಗೊತ್ತಿತ್ತು. ಅಲ್ಲೇ ನಿಂತು, ಐವತ್ತು ವರ್ಷದಲ್ಲಿ ಒಮ್ಮೆಯೂ ಮಾಡದ ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿದೆ. ಮದಲೂರು ಕೆರೆ ಎಷ್ಟೇ ದೊಡ್ಡದಿರಲಿ, ಎತ್ತರದ ಏರಿಯ ಮೇಲೆ ನಿಂತವರ ಪಾದ ಮರೆಯಾಗುವಷ್ಟು ನೀರು ಅಲ್ಲಿ ಬಾಗುವುದಿಲ್ಲ. ಮೊದಲ ವರ್ಷದ ವಿದ್ಯಾರ್ಥಿಯೂ ಹೇಳಬಲ್ಲ. ನಾನು ಕಂಡದ್ದು ಕೆರೆಯನ್ನಲ್ಲ, ಯಾವುದೋ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದ ಹಡಗಿನ ಚಿತ್ರವನ್ನು. ಅದರ ಜಾಗದಲ್ಲಿ ಅಮ್ಮನನ್ನು ನಿಲ್ಲಿಸಿಕೊಂಡಿದ್ದೆ.

"ಅಕ್ಕಾ, ಅವತ್ತು ನೀನು ಅಮ್ಮನ ನೀಲಿ ಸೀರೆ ಉಟ್ಟಿದ್ದೆಯಾ?"

"ಹನ್ನೆರಡು ವರ್ಷದೋಳಿಗೆ ಯಾವ ಸೀರೆ? ಲಂಗ. ಕೆಂಪು ಲಂಗ." ಅವಳ ಕಣ್ಣು ಆ ಹಡಗಿನ ಮೇಲೇ ಇತ್ತು. "ಅಮ್ಮನ್ಹತ್ರ ನೀಲಿ ಸೀರೆ ಇರ್ನೇ ಇಲ್ಲ."

"ಕೈ ಬೀಸಿದೆಯಲ್ಲಾ?"

"ಎಲ್ಲಿ ಬೀಸ್ದೆ? ಕೈ ಕಟ್ಕಂಡ್ ನಿಂತಿದ್ದೆ. ಅಳಾನ ಅಂದ್ರೂ ಬರ್ನಿಲ್ಲ, ಅಷ್ಟ್ ಸಿಟ್ಟು ಬಂದಿತ್ತು."

ಹಾಗಾದರೆ ಏರಿಯ ಮೇಲಿದ್ದ ಆ ಹೆಂಗಸು ಅಮ್ಮನೂ ಅಲ್ಲ, ಅಕ್ಕನೂ ಅಲ್ಲ. ಜ್ವರ ಬಂದಾಗ, ಮದುವೆಯ ದಿನ, ನಿವೃತ್ತಿಯ ದಿನ ಮನಸ್ಸಿನಲ್ಲಿ ಕಂಡು ಸಮಾಧಾನ ಪಟ್ಟದ್ದು ಯಾರನ್ನು? ಆ ಹೆಂಗಸು ಇನ್ನೂ ಹೋಗಿಲ್ಲ. ಅಂದಿನಿಂದ ಏರಿಯ ಮೇಲೆ ಕೆಂಪು ಲಂಗದ ಒಂದು ಹುಡುಗಿಯನ್ನು ನಿಲ್ಲಿಸಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಹುಡುಗಿ ಒಂದು ಗಳಿಗೆ ನಿಲ್ಲುತ್ತಾಳೆ, ಕೈಕಟ್ಟಿಕೊಂಡು. ಅಷ್ಟರಲ್ಲಿ ಅವಳ ಹಿಂದಿನಿಂದ ನೀಲಿ ಸೀರೆ ಬಂದು ಕೈಯೆತ್ತುತ್ತದೆ.

ಕೋಣೆಗೆ ಇಳಿದಾಗ ಪೆಟ್ಟಿಗೆಗಳು ಆಗಲೇ ಬಂದು ಬಾಗಿಲ ಮುಂದೆ ನಿಂತಿದ್ದವು. ಊಟಕ್ಕೆ ಹೋಗುವ ಮುಂಚೆ ಅಕ್ಕ ಎರಡು ಪಾಸ್‌ಪೋರ್ಟುಗಳನ್ನು ನನ್ನ ಕೈಯಲ್ಲಿಟ್ಟಳು. ಕಪ್ಪು ಚೀಲ ತರಿಸಿ, ತಾನು ಎದುರಿಗೆ ಕೂತು, ಒಳಜೇಬಿಗೆ ಹಾಕಿಸಿ, ಮೊದಲನೆಯ ತರಗತಿಯ ಮಗುವಿಗೆ ಹೇಳುವಂತೆ, "ಈಗ ಜಿಪ್ ಎಳಿ. ಜೋರಾಗಿ. ಕೇಳ್ಸ್ತಾ? ಇದು ನಡ್ದಿದ್ದು. ಇದ್ನ ಇಟ್ಕೋ," ಅಂದಳು.

ಎಳೆದೆ. ಕೇಳಿಸಿತು. ಭಾನುವಾರ ಹೊಳವನಹಳ್ಳಿಯಲ್ಲಿ ಕೇಳಿದ ಸದ್ದಿಗೂ ಇದಕ್ಕೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ.